ಸಂದಿನ ಸತ್ವಪರೀಕ್ಷೆ

ಮರುಭೂಮಿಯಲ್ಲಿ ಹತ್ತು ಕಿಲೋಮೀಟರ್ ಉದ್ದಕ್ಕೆ ಫೈಬರ್‌ಗ್ಲಾಸ್ ಪೈಪು ಹಾಕಬೇಕಿದೆ ಎಂದುಕೊಳ್ಳಿ. ಒಂದೊಂದು ಪೈಪು 12 ಮೀಟರ್ ಉದ್ದ. ಅಂದರೆ ಸುಮಾರು 833 ಕಡೆ ಜಾಯಿಂಟ್ ಮಾಡಬೇಕು. ಕೆಲಸಗಾರರು ಬಲು ನಿಪುಣರು, ಸಾವಿರ ಜಾಯಿಂಟ್ ಮಾಡಿದರೆ ಕೆಡುವುದು ಒಂದೇ ಒಂದು ಎಂದು ಇಟ್ಟುಕೊಳ್ಳೋಣ. ಕೇಳಲು ಹಿತವಾಗಿದೆ. ಆದರೆ ಸಂಭವನೀಯತೆಯ ಲೆಕ್ಕ ಹಾಕಿದರೆ, ಆ ಮಾರ್ಗದಲ್ಲಿ ಕನಿಷ್ಠ ಒಂದಾದರೂ ಕೆಟ್ಟ ಜಾಯಿಂಟ್ ಇರುವ ಸಾಧ್ಯತೆ ಶೇ 57! ಇಡೀ ಮಾರ್ಗದಲ್ಲಿ ದೋಷವಿಲ್ಲ ಎಂದು ಶೇ 99ರಷ್ಟು ಧೈರ್ಯದಿಂದ ಹೇಳಬೇಕಾದರೆ, ಸುಮಾರು 83 ಸಾವಿರ ಜಾಯಿಂಟ್‌ಗಳಲ್ಲಿ ಒಂದಕ್ಕಿಂತ ಹೆಚ್ಚು ಕೆಡಕೂಡದು.

ಪೈಪಿನ ಮೈ ಎಷ್ಟೇ ಗಟ್ಟಿಯಾಗಿರಲಿ, ಮಾರ್ಗದ ಹಣೆಬರಹ ನಿರ್ಧಾರವಾಗುವುದು ಸಂದಿನಲ್ಲಿ. ಉಕ್ಕಿನ ಪೈಪಿಗೂ ಈ ಮಾತು ಒಂದಿಷ್ಟು ಅನ್ವಯಿಸುತ್ತದೆ. ಎಳೆ ಮತ್ತು ರಾಳ ಸೇರಿಸಿ ಮಾಡಿದ ಕಾಂಪೋಸಿಟ್ ಪೈಪಿಗೆ, ಅದರಲ್ಲೂ ಹೆಚ್ಚಿನ ಒತ್ತಡದ ಪೈಪಿಗೆ, ಇದು ಪೂರ್ತಿ ನಿಜ. ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಕೊಲ್ಲಿ ದೇಶಗಳ ತೈಲ ಕೇಂದ್ರಗಳಿಗೆ ದುಡಿಯಲು ಹೋದವರಲ್ಲಿ ಪೈಪ್ ಫಿಟ್ಟರ್‌ಗಳಿಗೆ ಈ ಕೆಲಸ ಹೊಸದಲ್ಲ. ಆದರೆ ಅದರ ಹಿಂದಿನ ವಿಜ್ಞಾನ ಕನ್ನಡದಲ್ಲಿ ಚರ್ಚೆಗೆ ಬಂದದ್ದು ಬಹಳ ಕಡಿಮೆ.

ಉಕ್ಕು ಬಿಟ್ಟು ಗಾಜಿನ ಎಳೆಯ ಪೈಪು ಏಕೆ ಬೇಕಾಯಿತು? ತೈಲಬಾವಿಯಿಂದ ಬರಿಯ ಎಣ್ಣೆ ಬರುವುದಿಲ್ಲ. ಜೊತೆಗೆ ಕಡಲಿಗಿಂತ ಉಪ್ಪಾದ ನೀರು, ಕಾರ್ಬನ್ ಡೈಆಕ್ಸೈಡ್, ಕೆಲವು ಬಾವಿಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಬರುತ್ತವೆ. ಇವು ಉಕ್ಕನ್ನು ಒಳಗಿನಿಂದ ತಿಂದುಹಾಕುತ್ತವೆ. ಗಾಜಿನ ಎಳೆ ಮತ್ತು ಎಪಾಕ್ಸಿ ರಾಳಕ್ಕೆ ತುಕ್ಕಿನ ಭಯವಿಲ್ಲ. ಫೈಬರ್‌ಗ್ಲಾಸ್ ಪೈಪು ಬಳಕೆಗೆ ಬಂದದ್ದು 1948ರಲ್ಲಿ; ಮೊದಲು ಕೈಹಿಡಿದದ್ದು ತೈಲ ಉದ್ಯಮವೇ. ಈಗ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟಿನ 15ಎಚ್‌ಆರ್ ಮಾನದಂಡ ಚದರ ಇಂಚಿಗೆ 500ರಿಂದ 5,000 ಪೌಂಡ್ ಒತ್ತಡದ ಪೈಪುಗಳಿಗೆಂದೇ ಇದೆ. ಅಂದರೆ ಸುಮಾರು 35ರಿಂದ 350 ಬಾರ್.

ತಯಾರಿಸುವ ರೀತಿಯನ್ನು ಗಮನಿಸಬೇಕು, ಏಕೆಂದರೆ ಸಂದಿನ ಕಷ್ಟ ಹುಟ್ಟುವುದು ಅಲ್ಲಿಯೇ. ತಿರುಗುವ ಉಕ್ಕಿನ ಅಚ್ಚಿನ ಮೇಲೆ ರಾಳದಲ್ಲಿ ಅದ್ದಿದ ಗಾಜಿನ ಎಳೆಗಳನ್ನು ಓರೆಯಾಗಿ ಸುತ್ತುತ್ತಾರೆ. ಓರೆಯ ಕೋನ ಸುಮಾರು 55 ಡಿಗ್ರಿ. ಒಳಗಿನ ಒತ್ತಡ ಪೈಪಿನ ಗೋಡೆಯನ್ನು ಎರಡು ದಿಕ್ಕಿಗೆ ಎಳೆಯುತ್ತದೆ: ಸುತ್ತಳತೆಯ ದಿಕ್ಕಿಗೆ ಎಳೆಯುವ ಬಲ ಉದ್ದದ ದಿಕ್ಕಿನದಕ್ಕಿಂತ ಸರಿಯಾಗಿ ಎರಡು ಪಟ್ಟು. ಈ ಎರಡೂ ಬಲಗಳನ್ನು ಎಳೆಗಳೇ ಹೊರುವಂತೆ ಕೋನ ಲೆಕ್ಕ ಹಾಕಿದರೆ 54.7 ಡಿಗ್ರಿ ಬರುತ್ತದೆ. ರಾಳಕ್ಕೆ ಹೆಚ್ಚು ಶ್ರಮ ಬೀಳದೆ, ಬಲವಾದ ಎಳೆಗಳೇ ಭಾರ ಹೊರುತ್ತವೆ. ಸೊಗಸಾದ ಲೆಕ್ಕ.

ಆದರೆ ಪೈಪಿನ ತುದಿ ಬಂದಲ್ಲಿ ಎಳೆಗಳೂ ಮುಗಿಯುತ್ತವೆ. ಮುಂದಿನ ಪೈಪಿನಲ್ಲಿ ಬೇರೆ ಎಳೆಗಳು ಶುರುವಾಗುತ್ತವೆ. ನಡುವೆ ಇರುವುದು ರಾಳ ಅಥವಾ ಅಂಟು ಮಾತ್ರ. ಗಾಜಿನ ಎಳೆಯ ಬಲದ ಮುಂದೆ ಎಪಾಕ್ಸಿಯ ಬಲ ಹತ್ತಾರು ಪಟ್ಟು ಕಡಿಮೆ. ಎಳೆಗಳು ಹೊತ್ತು ತಂದ ಭಾರವನ್ನೆಲ್ಲ ಇಲ್ಲಿ ಈ ದುರ್ಬಲ ವಸ್ತು ಆಚೆ ದಾಟಿಸಬೇಕು.

ಅಡಿಕೆ ತೋಟದಲ್ಲಿ ಪಿವಿಸಿ ಪೈಪು ಅಂಟಿಸಿದ ಅನುಭವ ನಮ್ಮಲ್ಲಿ ಅನೇಕರಿಗಿದೆ. ಡಬ್ಬಿಯ ಅಂಟು ಬಳಿದು, ಸಾಕೆಟ್‌ಗೆ ತುರುಕಿ, ಕಾಲು ಸುತ್ತು ತಿರುಗಿಸಿದರೆ ಆಯಿತು. ಅಲ್ಲಿ ನಿಜವಾಗಿ ಆಗುವುದೇ ಬೇರೆ: ಆ ದ್ರಾವಣ ಪಿವಿಸಿಯ ಮೇಲ್ಮೈಯನ್ನೇ ಕರಗಿಸುತ್ತದೆ, ಎರಡು ಪೈಪುಗಳು ಒಂದರೊಳಗೊಂದು ಬೆರೆತು ಒಂದಾಗುತ್ತವೆ. ಎಪಾಕ್ಸಿ ಪೈಪು ಒಮ್ಮೆ ಗಟ್ಟಿಯಾದ ಮೇಲೆ ಕರಗುವುದೂ ಇಲ್ಲ, ಕಾಯಿಸಿದರೆ ನೀರಾಗುವುದೂ ಇಲ್ಲ. ಹೊಸ ಅಂಟು ಹಳೆಯ ಮೇಲ್ಮೈಗೆ ಅಂಟಿಕೊಂಡು ಕೂರಬೇಕು, ಅಷ್ಟೆ. ಹಾಗಾಗಿ ಇಲ್ಲಿ ಮೇಲ್ಮೈಯ ಶುಚಿಯೇ ಸರ್ವಸ್ವ.

ಅಂಚಿನಲ್ಲಿ ಅಡಗಿದ ಬಲ

ಒಂದು ಲೆಕ್ಕ ನೋಡೋಣ. ಒಳವ್ಯಾಸ 150 ಮಿಲಿಮೀಟರ್, ಅಂದರೆ ಆರು ಇಂಚಿನ ಪೈಪು. ಒಳಗೆ 100 ಬಾರ್ ಒತ್ತಡ. ಸಾವಿರ ಮೀಟರ್ ಎತ್ತರದ ನೀರಿನ ಕಂಬ ತಳದಲ್ಲಿ ಒತ್ತುವಷ್ಟು. ಪೈಪಿನ ಕೊನೆ ಮುಚ್ಚಿದ್ದರೆ ಅಥವಾ ಮಾರ್ಗ ತಿರುಗಿದ್ದರೆ, ಈ ಒತ್ತಡ ಪೈಪುಗಳನ್ನು ಸಂದಿನಲ್ಲಿ ಬೇರ್ಪಡಿಸಲು ಎಳೆಯುವ ಬಲ ಸುಮಾರು 18 ಟನ್. ಹತ್ತು ಸೆಂಟಿಮೀಟರ್ ಉದ್ದಕ್ಕೆ ಒಂದರೊಳಗೊಂದು ಕೂತ ಅಂಟಿನ ಜಾಯಿಂಟ್ ಇದ್ದರೆ ಅಂಟಿನ ವಿಸ್ತೀರ್ಣ 500 ಚದರ ಸೆಂಟಿಮೀಟರಿಗಿಂತ ತುಸು ಹೆಚ್ಚು. ಭಾಗಿಸಿದರೆ ಚದರ ಸೆಂಟಿಮೀಟರಿಗೆ ಸುಮಾರು 35 ಕಿಲೋ. ಒಳ್ಳೆಯ ಎಪಾಕ್ಸಿ ಅಂಟು 200 ಕಿಲೋ ದಾಟಿಯೂ ತಾಳುತ್ತದೆ. ಐದಾರು ಪಟ್ಟು ಮೀಸಲು ಬಲ ಕೈಯಲ್ಲಿದೆ!

ಹಾಗಿದ್ದರೂ ಜಾಯಿಂಟ್‌ಗಳು ಸೋರುತ್ತವೆ. ಕಾರಣ, ಆ 35 ಕಿಲೋ ಎಂಬುದು ಬರೀ ಸರಾಸರಿ. ಅಂಟು ಭಾರವನ್ನು ಸಮನಾಗಿ ಹಂಚಿಕೊಳ್ಳುವುದಿಲ್ಲ. 1938ರಲ್ಲಿ ಜರ್ಮನಿಯ ಫೋಲ್ಕರ್ಸನ್ ಇದನ್ನು ಗಣಿತದಲ್ಲಿ ತೋರಿಸಿದ. ಅಂಟಿದ ಎರಡು ತಗಡುಗಳನ್ನು ಎಳೆದರೆ ತಗಡುಗಳೂ ಹಿಗ್ಗುತ್ತವೆ; ಹಾಗಾಗಿ ಜಾರುವ ಬಲ ಅಂಟಿನ ಎರಡು ಅಂಚುಗಳಲ್ಲಿ ಗುಡ್ಡೆಯಾಗುತ್ತದೆ, ನಡುವೆ ತಗ್ಗುತ್ತದೆ. 1944ರಲ್ಲಿ ಗೋಲಂಡ್ ಮತ್ತು ರೈಸ್ನರ್ ಇನ್ನೊಂದು ಸಂಗತಿ ಸೇರಿಸಿದರು. ಎಳೆತ ಒಂದೇ ರೇಖೆಯಲ್ಲಿ ಇಲ್ಲದ್ದರಿಂದ ಜಾಯಿಂಟ್ ಬಾಗುತ್ತದೆ, ಬಾಗಿದಾಗ ಅಂಚಿನಲ್ಲಿ ಅಂಟನ್ನು ಸುಲಿದು ಎಬ್ಬಿಸುವ ಬಲ ಹುಟ್ಟುತ್ತದೆ. ಜಾರುವ ಬಲವನ್ನು ಅಂಟು ಸಾಕಷ್ಟು ತಾಳಿಕೊಳ್ಳುತ್ತದೆ. ಸುಲಿಯುವ ಬಲದ ಮುಂದೆ ಅದು ಬೇಗ ಸೋಲುತ್ತದೆ. ಅಂಟಿನ ಹಾಳೆಯ ಜೊತೆಗೆ ಕಾಂಪೋಸಿಟ್ ಗೋಡೆಯ ಪದರಗಳೂ ಈ ಬಲಕ್ಕೆ ಸಿಕ್ಕಿ ಒಂದರಿಂದೊಂದು ಬಿಡುತ್ತವೆ. ಪದರ ಪದರಗಳ ನಡುವೆ ಇರುವುದೂ ರಾಳವೇ ತಾನೆ.

ಇದರಿಂದ ಬರುವ ಪಾಠ ಮೊದಲ ನೋಟಕ್ಕೆ ವಿಚಿತ್ರ ಎನಿಸುತ್ತದೆ: ಅಂಟುವ ಉದ್ದವನ್ನು ಎರಡು ಪಟ್ಟು ಮಾಡಿದರೆ ಜಾಯಿಂಟಿನ ಬಲ ಎರಡು ಪಟ್ಟಾಗುವುದಿಲ್ಲ. ಒಂದು ಮಿತಿ ದಾಟಿದ ಮೇಲೆ ಅಂಚಿನ ಬಲ ಇದ್ದಷ್ಟೇ ಇರುತ್ತದೆ, ನಡುವಿನ ಭಾಗ ಸುಮ್ಮನೆ ಕೂತಿರುತ್ತದೆ. ಹಾಗಾದರೆ ಆ ನಡುವಿನ ಭಾಗ ದಂಡವೇ? ಅಲ್ಲ ಎಂದು ತೋರಿಸಿದವರು ಅಮೆರಿಕದ ಡಗ್ಲಸ್ ವಿಮಾನ ಕಂಪನಿಯ ಹಾರ್ಟ್-ಸ್ಮಿತ್. 1973ರಲ್ಲಿ ನಾಸಾಕ್ಕಾಗಿ ಅವರು ಬರೆದ ವರದಿಗಳು ಅಂಟಿನ ಜಾಯಿಂಟ್ ವಿನ್ಯಾಸಕ್ಕೆ ಇಂದಿಗೂ ಆಧಾರ. ಭಾರ ಬಹಳ ಕಾಲ ಬಿದ್ದೇ ಇದ್ದರೆ ಅಂಚಿನ ಅಂಟು ನಿಧಾನವಾಗಿ ಹಿಗ್ಗುತ್ತಾ ಹೋಗುತ್ತದೆ. ನಡುವೆ ಹೆಚ್ಚು ಭಾರವಿಲ್ಲದ ಪಟ್ಟಿಯೊಂದು ಇದ್ದರೆ ಅದು ಲಂಗರಿನ ಕೆಲಸ ಮಾಡಿ, ಭಾರ ಇಳಿದಾಗ ಅಂಚನ್ನು ಮೊದಲಿನ ಜಾಗಕ್ಕೆ ಎಳೆದುಕೊಳ್ಳುತ್ತದೆ. ಇಪ್ಪತ್ತು ವರ್ಷ ಬಾಳಬೇಕಾದ ಜಾಯಿಂಟಿಗೆ ಕೆಲಸವಿಲ್ಲದಂತೆ ಕಾಣುವ ಆ ಭಾಗ ಬೇಕೇ ಬೇಕು. ಖರ್ಚು ಉಳಿಸಲು ಅದನ್ನು ಕತ್ತರಿಸುವವರು ಮುಂದಿನ ಸೋರಿಕೆಗೆ ಈಗಲೇ ದಾರಿ ಮಾಡಿಕೊಡುತ್ತಾರೆ.

ಪೈಪಿನಲ್ಲಿ ಇನ್ನೂ ಒಂದು ತೊಡಕಿದೆ. ಒತ್ತಡ ಏರಿದಾಗ ಪೈಪಿನ ಮೈ ಹೊರಕ್ಕೆ ಉಬ್ಬುತ್ತದೆ. ಜಾಯಿಂಟ್ ಇರುವ ಕಡೆ ಗೋಡೆ ಎರಡರಷ್ಟು ದಪ್ಪ. ಅದು ಅಷ್ಟು ಉಬ್ಬುವುದಿಲ್ಲ. ಉಬ್ಬುವ ಮೈ ಮತ್ತು ಉಬ್ಬದ ಸಂದು ಸೇರುವ ಅಂಚಿನಲ್ಲಿ ಗೋಡೆ ಬಾಗುತ್ತದೆ. ಸುಲಿಯುವ ಬಲ ಮತ್ತೆ ಅಲ್ಲಿಯೇ. ಪರಿಹಾರ, ದಪ್ಪ ಗೋಡೆಯನ್ನು ಥಟ್ಟನೆ ಮುಗಿಸದೆ ಓರೆಯಾಗಿ ತೆಳುವಾಗಿಸುತ್ತಾ ಹೋಗುವುದು. ಅದಕ್ಕೇ ಒಳ್ಳೆಯ ಎಪಾಕ್ಸಿ ಪೈಪುಗಳಲ್ಲಿ ಒಂದು ತುದಿ ಗಂಟೆಯಂತೆ ಅಗಲಿ ಒಳಗಿನಿಂದ ಓರೆ ಇರುತ್ತದೆ, ಇನ್ನೊಂದು ತುದಿಯನ್ನು ಹೊರಗಿನಿಂದ ಓರೆಯಾಗಿ ಹೆರೆದಿರುತ್ತಾರೆ. ಕೆಲಸದ ಜಾಗದಲ್ಲಿ ಇವುಗಳಿಗೆ ಬೆಲ್, ಸ್ಪಿಗಟ್ ಎನ್ನುತ್ತಾರೆ. ಓರೆಯ ಕೋನ ಎರಡು ಡಿಗ್ರಿಯ ಆಸುಪಾಸು. ಕಣ್ಣಿಗೆ ಅದು ಓರೆ ಎಂದೇ ಗೊತ್ತಾಗುವುದಿಲ್ಲ. ಇಡೀ ಜಾಯಿಂಟಿನ ಬಾಳಿಕೆ ಆ ಎರಡು ಡಿಗ್ರಿಯಲ್ಲಿದೆ.

ಚಾಲೆಂಜರ್ ಹೇಳಿದ್ದೂ ಇದನ್ನೇ

ಉಬ್ಬುವ ಮೈ, ಉಬ್ಬದ ಸಂದು ಎಂಬ ಈ ಮಾತು ಪುಸ್ತಕಕ್ಕೆ ಸೀಮಿತವಲ್ಲ. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡುಗಳಲ್ಲಿ ಸಿಡಿದು ಏಳು ಮಂದಿ ಸತ್ತರು. ಕಾರಣವಾದದ್ದು ಬಲಗಡೆಯ ಬೂಸ್ಟರ್ ರಾಕೆಟ್ಟಿನ ಒಂದು ಜಾಯಿಂಟ್. ಆ ಬೂಸ್ಟರ್ ಎಂದರೆ 3.7 ಮೀಟರ್ ವ್ಯಾಸದ ಉಕ್ಕಿನ ಕೊಳವೆಗಳನ್ನು ಒಂದರ ಮೇಲೊಂದು ಕೂರಿಸಿ ಪಿನ್ನು ಹಾಕಿ ಜೋಡಿಸಿದ್ದು. ಇಂಧನ ಹೊತ್ತಿದಾಗ ಒಳಗೆ ಚದರ ಸೆಂಟಿಮೀಟರಿಗೆ 60 ಕಿಲೋದಷ್ಟು ಒತ್ತಡ. ಗೋಡೆ ಉಬ್ಬಿತು, ದಪ್ಪನೆಯ ಸಂದು ಅಷ್ಟು ಉಬ್ಬಲಿಲ್ಲ, ಹಾಗಾಗಿ ಸಂದು ತುಸು ತಿರುಚಿ ರಬ್ಬರ್ ಉಂಗುರ ಕೂತ ಜಾಗದಲ್ಲಿ ಎಡೆ ಬಿಟ್ಟಿತು. ಬಿಸಿಲಿನ ದಿನಗಳಲ್ಲಿ ರಬ್ಬರು ಚಿಮ್ಮಿ ಆ ಎಡೆ ಮುಚ್ಚುತ್ತಿತ್ತು. ಅಂದು ಕೊರೆಯುವ ಚಳಿ, ರಬ್ಬರು ಗಡುಸಾಗಿತ್ತು. ಬಿಸಿ ಅನಿಲ ನುಸುಳಿತು. ಚಳಿಯಲ್ಲಿ ಹಾರಿಸಬೇಡಿ ಎಂದು ಹಿಂದಿನ ರಾತ್ರಿಯೇ ಎಂಜಿನಿಯರುಗಳು ಎಚ್ಚರಿಸಿದ್ದರು ಎಂಬುದು ಈ ಕಥೆಯ ಅತ್ಯಂತ ನೋವಿನ ಭಾಗ.

ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರದ ಇನ್ನೊಂದು ಸಂಗತಿ ಅಷ್ಟಾಗಿ ಪ್ರಚಾರ ಪಡೆದಿಲ್ಲ. ಅದೇ ಕಾಲಕ್ಕೆ ನಾಸಾ ಕ್ಯಾಲಿಫೋರ್ನಿಯಾದ ಉಡಾವಣೆಗಳಿಗಾಗಿ ಉಕ್ಕಿನ ಬದಲು ಕಾರ್ಬನ್ ಎಳೆ ಸುತ್ತಿದ ಹಗುರ ಬೂಸ್ಟರ್ ಕವಚ ಮಾಡಿಸುತ್ತಿತ್ತು. ಅದೂ ಹೆಚ್ಚಿನ ಒತ್ತಡದ ಕಾಂಪೋಸಿಟ್ ಕೊಳವೆಯೇ, ಗಾತ್ರ ದೊಡ್ಡದು ಅಷ್ಟೆ. ಕಾರ್ಬನ್ ಕವಚ ಉಕ್ಕಿನದಕ್ಕಿಂತ ಹೆಚ್ಚು ಉಬ್ಬುತ್ತದೆ ಎಂದು ಗೊತ್ತಿದ್ದ ಎಂಜಿನಿಯರುಗಳು ಅದರ ತುದಿಯ ಉಕ್ಕಿನ ಸಂದಿಗೆ ಒಳಗಿನಿಂದ ಇನ್ನೊಂದು ತುಟಿ ಸೇರಿಸಿದ್ದರು. ಸಂದು ತಿರುಚಲು ಹೋದರೆ ಆ ತುಟಿ ಹಿಡಿದುಕೊಳ್ಳುತ್ತಿತ್ತು. ದುರಂತದ ನಂತರ ಉಕ್ಕಿನ ಬೂಸ್ಟರನ್ನು ಮತ್ತೆ ವಿನ್ಯಾಸ ಮಾಡಿದಾಗ ಇದೇ ಉಪಾಯವನ್ನು ಅಳವಡಿಸಿದರು, ಜೊತೆಗೆ ಮೂರನೆಯ ಉಂಗುರವನ್ನೂ ಹಾಕಿದರು. ಕಾರ್ಬನ್ ಬೂಸ್ಟರು ಕೊನೆಗೂ ಹಾರಲಿಲ್ಲ. ಹೊಸ ವಸ್ತುವಿನ ಸಂದನ್ನು ಅನುಮಾನದಿಂದ ನೋಡಿದ್ದರಿಂದ ಹಳೆಯ ವಸ್ತುವಿನ ಸಂದಿಗೂ ಮದ್ದು ಸಿಕ್ಕಿತು.

ಹಲವು ದಾರಿಗಳು

ಅಂಟಿನ ಜಾಯಿಂಟ್ ಒಂದೇ ದಾರಿಯಲ್ಲ. ದೊಡ್ಡ ವ್ಯಾಸದ ಪೈಪುಗಳನ್ನು ತುದಿಗೆ ತುದಿ ಹಚ್ಚಿ, ಸುತ್ತಲೂ ರಾಳದಲ್ಲಿ ನೆನೆದ ಗಾಜಿನ ಬಟ್ಟೆ ಪದರ ಪದರವಾಗಿ ಸುತ್ತುವುದುಂಟು. ಇದಕ್ಕೆ ಪದರ ಹಾಕುವ ಲ್ಯಾಮಿನೇಟರ್‌ನ ಕೈಗುಣ ಬೇಕು. ಆತುರಕ್ಕೆ ಎಲ್ಲ ಪದರ ಒಟ್ಟಿಗೆ ಹಾಕಿದರೆ ರಾಳ ಗಟ್ಟಿಯಾಗುವಾಗ ಹುಟ್ಟುವ ಕಾವಿಗೆ ಒಳಗೇ ಬಿರುಕು ಬಿಡುತ್ತದೆ. ಇನ್ನೊಂದು ಕೀ-ಲಾಕ್: ರಬ್ಬರ್ ಉಂಗುರ ನೀರು ತಡೆಯುತ್ತದೆ, ಬೆಲ್ಲಿನ ರಂಧ್ರದಿಂದ ತೂರಿಸಿದ ಪಟ್ಟಿಯೊಂದು ಎರಡೂ ಪೈಪಿನ ತಗ್ಗುಗಳಲ್ಲಿ ಕೂತು ಎಳೆತ ತಡೆಯುತ್ತದೆ. ಒಣಗಲು ಕಾಯಬೇಕಿಲ್ಲ, ಬೇಕಾದರೆ ಬಿಚ್ಚಲೂಬಹುದು.

ಒತ್ತಡ ತೀರಾ ಹೆಚ್ಚಿದ್ದಲ್ಲಿ ಥ್ರೆಡ್ಡಿನ ಜಾಯಿಂಟೇ ಹೆಚ್ಚು ಬಳಕೆ. ಇಲ್ಲೂ ಭಾರ ಎಲ್ಲ ಸುತ್ತುಗಳಿಗೆ ಸಮನಾಗಿ ಹಂಚಿಕೆಯಾಗದೆ ಮೊದಲ ಕೆಲವು ಸುತ್ತುಗಳ ಮೇಲೆಯೇ ಬೀಳುತ್ತದೆ. ಥ್ರೆಡ್ ಕೊರೆದರೆ ಎಳೆಗಳು ತುಂಡಾಗುತ್ತವೆ, ಹಾಗಾಗಿ ಒಳ್ಳೆಯ ತಯಾರಕರು ಥ್ರೆಡ್ಡನ್ನು ಅಚ್ಚಿನಲ್ಲಿ ಮೂಡಿಸುತ್ತಾರೆ. ಅಪಾಯ ಬರುವುದು ಸಾಮಾನ್ಯವಾಗಿ ಉಕ್ಕಿನ ಕೆಲಸಕ್ಕೆ ಒಗ್ಗಿದ ಕೈಯಿಂದ. ಉಕ್ಕಿನ ಫಿಟ್ಟರ್ ಸಂಶಯ ಬಂದರೆ ಇನ್ನೊಂದು ಸುತ್ತು ಬಿಗಿ ಮಾಡುತ್ತಾನೆ. ಫೈಬರ್‌ಗ್ಲಾಸಿನಲ್ಲಿ ಆ ಇನ್ನೊಂದು ಸುತ್ತೇ ಬೆಲ್ಲನ್ನು ಸೀಳುತ್ತದೆ. ಪೈಪಿನ ತುದಿಯ ಬಳೆಗಳನ್ನು ಬೋಲ್ಟಿನಿಂದ ಬಿಗಿಯುವ ಫ್ಲಾಂಜಿನದೂ ಇದೇ ಕಥೆ. ನಡುವೆ ಉಬ್ಬಿದ ಮುಖದ ಉಕ್ಕಿನ ಫ್ಲಾಂಜಿಗೆ ಫೈಬರ್‌ಗ್ಲಾಸಿನ ಸಪಾಟು ಫ್ಲಾಂಜ್ ಹಚ್ಚಿ ಬೋಲ್ಟ್ ಬಿಗಿದರೆ ಅಂಚು ಬಾಗಿ ಬುಡದಲ್ಲಿ ಬಿರುಕು ಬೀಳುತ್ತದೆ. ಸಪಾಟಿಗೆ ಸಪಾಟು, ಮೆದು ಗ್ಯಾಸ್ಕೆಟ್ಟು, ಟಾರ್ಕ್ ರೆಂಚು, ಎದುರುಬದುರು ಬೋಲ್ಟ್‌ಗಳನ್ನು ಹಂತ ಹಂತವಾಗಿ ಬಿಗಿಯುವುದು: ಇಷ್ಟು ಪಾಲಿಸಿದರೆ ಹೆಚ್ಚಿನ ಸೋರಿಕೆ ಇಲ್ಲ.

ಜಾಯಿಂಟುಗಳೇ ಕಡಿಮೆಯಾಗುವಂತೆ ಪೈಪನ್ನು ಸುರುಳಿ ಸುತ್ತಿ ತರುವುದು ಇತ್ತೀಚಿನ ದಾರಿ. ಪಾಲಿಎಥಿಲೀನ್ ಒಳಪೈಪು, ಅದರ ಮೇಲೆ ಬಲವಾದ ಎಳೆ, ಮೇಲೊಂದು ಹೊದಿಕೆ. ದೊಡ್ಡ ರೀಲಿನಲ್ಲಿ ನೂರಾರು ಮೀಟರ್ ಒಟ್ಟಿಗೆ ಬರುತ್ತದೆ. ಆರಂಭದಲ್ಲಿ ಹೇಳಿದ ಲೆಕ್ಕಕ್ಕೆ ಇದು ನೇರ ಉತ್ತರ: 833ರ ಬದಲು ಕೆಲವು ಹತ್ತು ಜಾಯಿಂಟುಗಳು. ಆದರೆ ಉಳಿದ ಒಂದೊಂದು ಜಾಯಿಂಟ್ ಇನ್ನಷ್ಟು ಕಠಿಣ. ಒಳಗೆ ಲೋಹದ ಕೊಳವೆ, ಹೊರಗೆ ಲೋಹದ ತೋಳು, ನಡುವೆ ಪೈಪಿನ ಗೋಡೆಯನ್ನು ಅದುಮಿ ಹಿಡಿಯುತ್ತಾರೆ. ಪ್ಲಾಸ್ಟಿಕ್ಕಿನ ಗುಣವೆಂದರೆ ಅದುಮಿದಲ್ಲಿ ವರ್ಷಗಟ್ಟಲೆ ನಿಧಾನವಾಗಿ ಸರಿಯುತ್ತಾ ಹಿಡಿತ ಸಡಿಲಿಸುವುದು. ಮೊದಲ ದಿನ ಬಿಗಿಯಾಗಿದ್ದ ಹಿಡಿತ ಹತ್ತನೆಯ ವರ್ಷಕ್ಕೆ ಎಷ್ಟು ಉಳಿದಿರುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಬೇಕು.

ಲೋಹ ಮತ್ತು ಎಳೆಯನ್ನು ಸೇರಿಸುವ ಉಪಾಯಗಳಲ್ಲಿ ನನಗೆ ಅತ್ಯಂತ ಮೆಚ್ಚಿನದು ಆಳ ಸಮುದ್ರದ ಕೊರೆತದಿಂದ ಬಂದದ್ದು. ಲೋಹದ ತುದಿಯ ಮೇಲೆ ಉಂಗುರದಂಥ ತಗ್ಗುಗಳನ್ನು ಕೊರೆದು, ಪೈಪು ಸುತ್ತುವಾಗಲೇ ಉದ್ದದ ಎಳೆಗಳನ್ನು ಆ ತಗ್ಗುಗಳಿಗೆ ಇಳಿಸಿ, ಮೇಲಿನಿಂದ ಅಡ್ಡ ಎಳೆಗಳನ್ನು ಬಿಗಿಯಾಗಿ ಸುತ್ತಿ ಬಂಧಿಸುತ್ತಾರೆ. ಅಂಟು ಸೋತರೂ ಎಳೆ ಜಾರಿ ಹೊರಬರಲಾರದು. ನಾರ್ವೆಯ ಸಮುದ್ರದ ಹೈಡ್ರೂನ್ ತೈಲ ವೇದಿಕೆಯಲ್ಲಿ 2001ರಲ್ಲಿ ಕಾರ್ಬನ್ ಎಳೆಯ ಕೊರೆತ ಪೈಪಿನ ತುಂಡೊಂದನ್ನು ಟೈಟಾನಿಯಂ ತುದಿಗಳೊಂದಿಗೆ ಬಳಸಿ ನೋಡಿದರು. ಟೈಟಾನಿಯಂ ಏಕೆಂದರೆ, ಕಡಲ ನೀರಿನಲ್ಲಿ ಕಾರ್ಬನ್ ಪಕ್ಕದಲ್ಲಿದ್ದರೆ ಅಲ್ಯೂಮಿನಿಯಂ, ಸಾಮಾನ್ಯ ಉಕ್ಕು ಬೇಗ ತುಕ್ಕು ಹಿಡಿಯುತ್ತವೆ. ಅಂಟೊಂದರ ಮೇಲೇ ಭರವಸೆ ಇಡದೆ ಎಳೆಯ ಬಾಗುವಿಕೆಯಲ್ಲೇ ಹಿಡಿತ ಕಟ್ಟುವ ಈ ವಿಧಾನವನ್ನು ವಿನ್ಯಾಸ ಕಲಿಯುವ ವಿದ್ಯಾರ್ಥಿಗಳೆಲ್ಲ ಬಿಡಿಸಿ ನೋಡಬೇಕು.

ಬಾಂಡರ್‌ನ ಕೈ

ಇಷ್ಟೆಲ್ಲ ಲೆಕ್ಕ ಹಾಕಿ ನಕ್ಷೆ ಬರೆದ ಮೇಲೆ ಕೆಲಸ ಹೋಗುವುದು ಬಾಂಡರ್ ಎನ್ನುವ ಕೆಲಸಗಾರನ ಕೈಗೆ. ಪೈಪನ್ನು ಅಳತೆಗೆ ಕತ್ತರಿಸಿ, ಶೇವರ್ ಹಚ್ಚಿ ತುದಿಯನ್ನು ಓರೆಯಾಗಿ ಹೆರೆಯುತ್ತಾನೆ. ಬೆಲ್ಲಿನ ಒಳಮೈಯನ್ನು ಹೊಳಪು ಹೋಗುವವರೆಗೆ ಉಜ್ಜುತ್ತಾನೆ. ಉಜ್ಜಿದ ಮೇಲೆ ಬರಿಗೈಯಲ್ಲಿ ಮುಟ್ಟಕೂಡದು. ಬೆರಳಿನ ಬೆವರು, ಎಣ್ಣೆ ಸಾಕು ಅಂಟು ಕೂರದಂತೆ ಮಾಡಲು. ಉಜ್ಜಿದ್ದನ್ನು ನಾಳೆಗೆ ಇಟ್ಟುಕೊಳ್ಳಲೂ ಆಗದು, ಗಾಳಿಯ ತೇವ ಮತ್ತು ಧೂಳು ಅಷ್ಟರಲ್ಲಿ ಕೂತಿರುತ್ತವೆ. ಅಂಟು ಮತ್ತು ಹಾರ್ಡನರ್ ಎರಡನ್ನೂ ಡಬ್ಬಿಯಲ್ಲಿದ್ದಷ್ಟೂ ಬೆರೆಸಬೇಕು, ಬಣ್ಣ ಒಂದೇ ಆಗುವವರೆಗೆ ಕಲಸಬೇಕು. ಕಲಸಿದ ಕ್ಷಣದಿಂದ ಗಡಿಯಾರ ಓಡುತ್ತದೆ. ಸೆಕೆಯ ದಿನಗಳಲ್ಲಿ ಅಂಟು ಡಬ್ಬಿಯಲ್ಲೇ ಗಟ್ಟಿಯಾಗತೊಡಗುತ್ತದೆ. ತುದಿಗೆ ಬಳಿದು, ನೇರಕ್ಕೆ ಹಿಡಿದು, ಎಳೆಯುವ ಸಾಧನದಿಂದ ಪೂರ್ತಿ ಕೂರುವವರೆಗೆ ಎಳೆದು, ಮೇಲೆ ಕರೆಂಟಿನ ಕಂಬಳಿ ಸುತ್ತಿ ಕಾಯಿಸುತ್ತಾನೆ. ಅಂಟು ಪಕ್ವವಾಗುವವರೆಗೆ ಪೈಪು ಒಂದು ಕೂದಲೆಳೆಯಷ್ಟೂ ಅಲುಗಬಾರದು.

ಕೊಲ್ಲಿಯ ಬೇಸಿಗೆಯಲ್ಲಿ ಇದನ್ನು ಮಾಡುವುದು ಎಂಥ ಶ್ರಮ ಎಂದು ಊಹಿಸಿ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಧ್ಯಾಹ್ನ ಬಿಸಿಲಿನಲ್ಲಿ ದುಡಿಸಬಾರದೆಂಬ ಕಾನೂನೇ ಇದೆ. ಉಳಿದದ್ದು ಬೆಳಗಿನ ಜಾವ ಮತ್ತು ಸಂಜೆ. ಕಡಲ ತೀರದಲ್ಲಿ ಆ ಹೊತ್ತಿಗೆ ಗಾಳಿಯ ತೇವ ಪೈಪಿನ ಮೇಲೆ ಕಾಣದ ಇಬ್ಬನಿಯಾಗಿ ಕೂರುತ್ತದೆ. ಅದಕ್ಕೇ ಪೈಪಿನ ಉಷ್ಣತೆ ಇಬ್ಬನಿ ಹುಟ್ಟುವ ಉಷ್ಣತೆಗಿಂತ ಕೆಲವು ಡಿಗ್ರಿಯಾದರೂ ಹೆಚ್ಚಿರಬೇಕೆಂಬ ನಿಯಮ. ಬೀಸುವ ಮರಳಿಗೆ ಗುಡಾರ ಕಟ್ಟಬೇಕು. ಈ ಎಲ್ಲದರ ನಡುವೆ ದಿನಕ್ಕೆ ಇಂತಿಷ್ಟು ಜಾಯಿಂಟ್ ಮುಗಿಸಲೇಬೇಕೆಂಬ ಒತ್ತಾಯ. ಉಜ್ಜಿದ ಮೇಲ್ಮೈ ಮೇಲೆ ಮರಳು ಬಿದ್ದಾಗ ಮತ್ತೆ ಉಜ್ಜುವವನು ನಿಜವಾದ ಕುಶಲಕರ್ಮಿ. ಆದರೆ ಮತ್ತೆ ಉಜ್ಜಲು ಅವನಿಗೆ ಸಮಯ ಕೊಟ್ಟಿದ್ದಾರೆಯೇ ಎಂಬುದು ನಕ್ಷೆಯಲ್ಲಿ ಬರೆದಿರುವುದಿಲ್ಲ.

ಬಾಂಡರ್‌ಗಳಿಗೆ ಪರೀಕ್ಷೆ ಇಲ್ಲದಿಲ್ಲ. ಅಮೆರಿಕದ ಎಎಸ್‌ಎಂಇ ಬಿ31.3 ಸಂಹಿತೆಯ ಪ್ರಕಾರ ಪ್ರತಿಯೊಬ್ಬ ಬಾಂಡರ್ ಮಾದರಿ ಜಾಯಿಂಟ್ ಮಾಡಿ ಒತ್ತಡ ಪರೀಕ್ಷೆಯಲ್ಲಿ ಪಾಸಾಗಬೇಕು. ಫೈಬರ್‌ಗ್ಲಾಸ್ ಪೈಪಿಗೆಂದೇ ಇರುವ ಐಎಸ್‌ಒ 14692 ಕೂಡ ಜೋಡಿಸುವವರ ತರಬೇತಿಗೆ ನಿಯಮ ಹಾಕಿದೆ. 2002ರಲ್ಲಿ ಬಂದು 2017ರಲ್ಲಿ ಪರಿಷ್ಕೃತವಾದ ಈ ಮಾನದಂಡಕ್ಕೆ ದಾರಿ ತೋರಿದ್ದು ಬ್ರಿಟನ್ನಿನ ಸಮುದ್ರ ತೈಲ ಕಂಪನಿಗಳ ಒಕ್ಕೂಟ 1994ರಲ್ಲಿ ಹೊರತಂದ ಮಾರ್ಗಸೂಚಿ.

ಇಷ್ಟೊಂದು ಕಟ್ಟುನಿಟ್ಟು ಏಕೆ? ಮಾಡಿ ಮುಗಿಸಿದ ಮೇಲೆ ಯಂತ್ರ ಹಚ್ಚಿ ನೋಡಿದರೆ ಸಾಲದೇ? ಸಾಲದು. ಅಲ್ಟ್ರಾಸೌಂಡ್ ಅಂಟಿನಲ್ಲಿ ಗುಳ್ಳೆ ಇದ್ದರೆ, ಅಂಟೇ ಇಲ್ಲದ ಜಾಗ ಇದ್ದರೆ ತೋರಿಸುತ್ತದೆ. ಆದರೆ ಅಂಟು ಮೇಲ್ಮೈಗೆ ಒತ್ತಿ ಕೂತಿದ್ದು ಹಿಡಿತ ಮಾತ್ರ ಇಲ್ಲದಿದ್ದರೆ ಯಂತ್ರಕ್ಕೆ ಅದು ಒಳ್ಳೆಯ ಜಾಯಿಂಟಿನಂತೆಯೇ ಕಾಣುತ್ತದೆ. ಅಂಟಿನ ಬಲ ಎಷ್ಟಿದೆ ಎಂದು ಮುರಿಯದೆ ಅಳೆಯುವ, ಎಲ್ಲ ಕಡೆ ನಂಬಬಹುದಾದ ಯಂತ್ರ ಇಂದಿಗೂ ಇಲ್ಲ. ಅಮೆರಿಕದಲ್ಲಿ 2017ರವರೆಗೆ ಇದ್ದ ಸಣ್ಣ ವಿಮಾನಗಳ ನಿಯಮಾವಳಿ ಇದನ್ನು ಒಪ್ಪಿಕೊಂಡೇ ಬರೆದದ್ದು: ವಿಮಾನವನ್ನು ಬೀಳಿಸಬಲ್ಲ ಅಂಟಿನ ಜಾಯಿಂಟ್ ಇದ್ದರೆ, ಒಂದೋ ಅಂಟು ಬಿಟ್ಟರೂ ಹರಡದಂತೆ ವಿನ್ಯಾಸ ಮಾಡಿ, ಇಲ್ಲವೇ ಪ್ರತಿಯೊಂದು ಜಾಯಿಂಟಿಗೂ ಭಾರ ಹೇರಿ ಪರೀಕ್ಷಿಸಿ, ಇಲ್ಲವೇ ಬಲ ಅಳೆಯುವ ನಂಬಲರ್ಹ ವಿಧಾನ ತೋರಿಸಿ. ಮೂರನೆಯದು ಕೈಗೆ ಸಿಗದ ಕಾರಣ ಎಂಜಿನಿಯರುಗಳು ಅಂಟಿನ ಜೊತೆ ಬೋಲ್ಟನ್ನೂ ಹಾಕುತ್ತಾರೆ.

ಸಂದಿನ ವಿಚಾರದಲ್ಲಿ ಅವಸರ ಏನು ಮಾಡಬಹುದು ಎಂಬುದಕ್ಕೆ ಟೈಟನ್ ಜಲಾಂತರ ನೌಕೆಯನ್ನು ನೆನೆಯಬೇಕು. ಟೈಟಾನಿಕ್ ಅವಶೇಷ ನೋಡಲು ಹೊರಟ ಅದು 2023ರ ಜೂನ್ 18ರಂದು ಒಳಕ್ಕೆ ಕುಸಿದು ಐವರು ಸತ್ತರು. ಸುಮಾರು 13 ಸೆಂಟಿಮೀಟರ್ ದಪ್ಪದ ಕಾರ್ಬನ್ ಕೊಳವೆಯ ಎರಡು ತುದಿಗೆ ಟೈಟಾನಿಯಂ ಉಂಗುರಗಳನ್ನು ಅಂಟಿನಿಂದ ಕೂರಿಸಿದ್ದರು. ಇಲ್ಲಿ ಒತ್ತಡ ಹೊರಗಿನಿಂದ. ಆದರೂ ಒಂದೇ ತತ್ವ: ಕಾರ್ಬನ್ ಒಂದಷ್ಟು ಕುಗ್ಗಿದರೆ ಟೈಟಾನಿಯಂ ಇನ್ನೊಂದಷ್ಟು, ಪ್ರತಿ ಮುಳುಗಿಗೂ ನಡುವಿನ ಅಂಟು ತಿಕ್ಕಾಟಕ್ಕೆ ಸಿಗುತ್ತದೆ. ಕೊಳವೆಯ ಪದರಗಳಲ್ಲೇ ಸುಕ್ಕು, ಟೊಳ್ಳು, ಬಿರುಕು ಇದ್ದವೆಂದು ತನಿಖೆ ಕಂಡುಕೊಂಡಿತು. ಮುಂಭಾಗದ ಅಂಟಿನ ಜಾಯಿಂಟೂ ಅನುಮಾನದ ಪಟ್ಟಿಯಲ್ಲಿತ್ತು. ಯಾವುದೇ ವರ್ಗೀಕರಣ ಸಂಸ್ಥೆಯ ಪ್ರಮಾಣಪತ್ರ ಆ ನೌಕೆಗೆ ಇರಲಿಲ್ಲ.

ಪ್ರಮಾಣಪತ್ರ ಎಂಬುದು ಬರೀ ಕಾಗದವಲ್ಲ, ಕಾಲದ ಜೊತೆಗಿನ ಪರೀಕ್ಷೆ. ಫೈಬರ್‌ಗ್ಲಾಸ್ ಪೈಪಿಗೆ ಬೇಕಾದದ್ದು ಇಂದು ಒಡೆಯುವ ಒತ್ತಡವಲ್ಲ. ಎಷ್ಟು ಒತ್ತಡ ಹೇರಿದರೆ ಎಷ್ಟು ವರ್ಷಕ್ಕೆ ಸೋರುತ್ತದೆ ಎಂಬುದು. ರಾಳದಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಕೂಡಿಕೊಂಡು ಪೈಪು ಒಡೆಯುವ ಎಷ್ಟೋ ಮೊದಲೇ ಬೆವರತೊಡಗುತ್ತದೆ. ಎಎಸ್‌ಟಿಎಂ ಡಿ2992 ಎಂಬ ವಿಧಾನದಲ್ಲಿ ಕನಿಷ್ಠ 18 ಮಾದರಿಗಳನ್ನು ಬೇರೆ ಬೇರೆ ಒತ್ತಡದಲ್ಲಿ ಇಟ್ಟು ಸೋರುವವರೆಗೆ ಕಾಯುತ್ತಾರೆ. ಒಂದಾದರೂ ಮಾದರಿ 10,000 ಗಂಟೆ, ಅಂದರೆ ಸುಮಾರು 14 ತಿಂಗಳು, ದಾಟಬೇಕು. ಆ ಬಿಂದುಗಳ ಮೂಲಕ ಗೆರೆ ಎಳೆದು 20 ವರ್ಷಕ್ಕೋ 50 ವರ್ಷಕ್ಕೋ ಚಾಚುತ್ತಾರೆ. 50 ವರ್ಷ ಎಂದರೆ 4,38,000 ಗಂಟೆ. ಪರೀಕ್ಷೆಗೆ ಇಡುವ ಮಾದರಿಯಲ್ಲಿ ಪೈಪಿನ ಜೊತೆ ಜಾಯಿಂಟೂ ಇರಬೇಕೆಂದು ಐಎಸ್‌ಒ 14692 ಹೇಳುತ್ತದೆ. ಬರೀ ಪೈಪನ್ನು ಪರೀಕ್ಷಿಸಿ ಮಾರ್ಗವನ್ನೇ ಪರೀಕ್ಷಿಸಿದಂತೆ ಹೇಳುವ ಕ್ಯಾಟಲಾಗುಗಳನ್ನು ಖರೀದಿದಾರರು ದೂರ ಇಡಬೇಕು.

ಕರ್ನಾಟಕಕ್ಕೆ ಈ ವಿದ್ಯೆ ಪರಕೀಯವೇನಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ತೇಜಸ್ ಯುದ್ಧವಿಮಾನದ ಕಾಂಪೋಸಿಟ್ ಭಾಗಗಳಿಗಾಗಿ ಜಾಯಿಂಟುಗಳನ್ನೇ ಇಲ್ಲವಾಗಿಸುವ ದಾರಿ ಹಿಡಿಯಿತು. ಬಿಡಿ ಬಿಡಿಯಾಗಿ ಮಾಡಿ ರಿವೆಟ್ ಹೊಡೆಯುವ ಬದಲು ಹಸಿ ಇದ್ದಾಗಲೇ ಜೋಡಿಸಿಟ್ಟು ಆಟೋಕ್ಲೇವ್ ಎಂಬ ಒತ್ತಡದ ಒಲೆಯಲ್ಲಿ ಒಟ್ಟಿಗೆ ಬೇಯಿಸುವುದು. ಆ ಆಟೋಕ್ಲೇವುಗಳನ್ನೂ ಅಲ್ಲಿನವರೇ ರೂಪಿಸಿದರು. ಕಾರ್ಖಾನೆಯ ಒಳಗೆ ಅದು ಸಾಧ್ಯ. ಹತ್ತು ಕಿಲೋಮೀಟರ್ ಪೈಪನ್ನು ಆಟೋಕ್ಲೇವಿಗೆ ಹಾಕಲಾಗದು. ಹೊಲದಲ್ಲಿ, ಮರಳಿನಲ್ಲಿ, ಹಡಗಿನ ಅಟ್ಟದ ಮೇಲೆ ಯಾರೋ ಮಂಡಿಯೂರಿ ಕೂತು ಜೋಡಿಸಲೇಬೇಕು.

ಆದ್ದರಿಂದ ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಾಂಪೋಸಿಟ್ ವಿಷಯ ಕಲಿಸುವವರಿಗೆ ಒಂದು ಬೇಡಿಕೆ: ಪದರಗಳ ಗಣಿತದ ಜೊತೆಗೆ, ವಿದ್ಯಾರ್ಥಿ ತನ್ನ ಕೈಯಾರೆ ಒಂದು ಓರೆ ಜಾಯಿಂಟ್ ಹೆರೆದು, ಉಜ್ಜಿ, ಅಂಟಿಸಿ, ನೀರಿನ ಒತ್ತಡದಲ್ಲಿ ಸೋರಿಸಿ ನೋಡುವ ಪ್ರಯೋಗವನ್ನು ಕಡ್ಡಾಯ ಮಾಡಿ. ಐಟಿಐಗಳಲ್ಲಿ ವೆಲ್ಡಿಂಗಿಗೆ ಇರುವಂತೆ ಬಾಂಡಿಂಗ್ ಮತ್ತು ಲ್ಯಾಮಿನೇಷನ್ನಿಗೂ ಪೂರ್ಣ ಕೋರ್ಸು ತೆರೆಯಿರಿ. ಕೊಲ್ಲಿಗೆ ಹೋಗುವ ಹುಡುಗರಿಗೆ ಅದು ಅಂತರರಾಷ್ಟ್ರೀಯ ಪರೀಕ್ಷೆಯ ಅರ್ಧ ದಾರಿ. ಕಾಮಗಾರಿಯ ವೇಳಾಪಟ್ಟಿಗೆ ಸಹಿ ಹಾಕುವವರು, ಪ್ರತಿ ಜಾಯಿಂಟಿಗೆ ಬೇಕಾದ ಉಜ್ಜುವ, ಕಾಯಿಸುವ, ಕಾಯುವ ಗಂಟೆಗಳನ್ನು ಮೊದಲು ಬರೆದಿಟ್ಟು, ಆಮೇಲೆ ಮುಗಿಯುವ ದಿನಾಂಕ ಹಾಕಲಿ.